ಗಂಟಲು ನೋವಿಗೆಲ್ಲ ಎಮರ್ಜೆನ್ಸಿಗೆ ಓಡಬೇಡಿ: ಕೆನಡಾದ ಒಂಟಾರಿಯೋ ಪ್ರಾಂತ್ಯದಿಂದ ಒಂದಿಷ್ಟು ಮಾತು

"ಕೆನಡಾದಲ್ಲಿ ಆಸ್ಪತ್ರೆಗೆ ದುಡ್ಡೇ ಕೊಡಬೇಕಾಗಿಲ್ಲವಂತೆ, ಮತ್ಯಾಕೆ ಯೋಚನೆ, ಸೀದಾ ದೊಡ್ಡಾಸ್ಪತ್ರೆಗೇ ಹೋಗಿ." ಊರಿಂದ ಫೋನ್ ಮಾಡಿದವರು ಹೀಗೆ ಹೇಳುತ್ತಿರುತ್ತಾರೆ. ಹೋಗಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಎಮರ್ಜೆನ್ಸಿಯಲ್ಲಿ ಮೊದಲು ಬಂದವರನ್ನು ಮೊದಲು ನೋಡುವುದಿಲ್ಲ. ನರ್ಸ್ ಬಿಪಿ, ನಾಡಿ, ಉಸಿರಾಟ ಎಲ್ಲ ನೋಡಿ 1ರಿಂದ 5ರವರೆಗೆ ಒಂದು ಮಟ್ಟ ಹಾಕುತ್ತಾರೆ. 1 ಅಂದರೆ ಜೀವಕ್ಕೆ ಅಪಾಯ, ತಕ್ಷಣ ಒಳಗೆ. 5 ಅಂದರೆ ಕಾಯಬಹುದು. ಗಂಟಲು ನೋವು ಅಂತ ಹೋಗಿ ಕೂತರೆ, ನಿಮ್ಮ ನಂತರ ಬಂದ ಎದೆನೋವಿನವರು, ಅಪಘಾತದವರು ಒಬ್ಬೊಬ್ಬರೇ ಒಳಗೆ ಹೋಗುತ್ತಿರುತ್ತಾರೆ, ನೀವು ಗಂಟೆಗಟ್ಟಲೆ ಅಲ್ಲೇ ಕೂತಿರುತ್ತೀರಿ. ಅದೇ ಸರಿ ಅಂತಲೇ ನಾನು ಹೇಳುತ್ತೇನೆ.

ಇಂಥ ಸಣ್ಣಪುಟ್ಟದಕ್ಕೆ ಇರುವುದೇ ವಾಕ್-ಇನ್ ಕ್ಲಿನಿಕ್. ಅಪಾಯಿಂಟ್‌ಮೆಂಟ್ ಬೇಕಿಲ್ಲ. ಎಷ್ಟೋ ಕಡೆ ಫಾರ್ಮಸಿ ಪಕ್ಕದಲ್ಲೇ ಇರುತ್ತದೆ. ಶನಿವಾರ ಸಂಜೆ ಮಗಳಿಗೆ ಕಿವಿನೋವು ಶುರುವಾದಾಗ ನಾವು ಹೋಗಿದ್ದು ಅಲ್ಲಿಗೇ. ಹೆಲ್ತ್ ಕಾರ್ಡ್ ತೋರಿಸಿ ಕೂತೆವು, ಡಾಕ್ಟರ್ ಕಿವಿಯೊಳಗೆ ಲೈಟ್ ಬಿಟ್ಟು ನೋಡಿ ಇನ್‌ಫೆಕ್ಷನ್ ಅಂದರು, ನಾವು ಎದ್ದು ಪಕ್ಕದ ಬಾಗಿಲಿಗೆ ಹೋಗುವಷ್ಟರಲ್ಲಿ ಚೀಟಿ ಫ್ಯಾಕ್ಸ್ ಆಗಿತ್ತು. ಡಾಕ್ಟರ್ ಫೀಸನ್ನು ಒಹಿಪ್, ಅಂದರೆ ಪ್ರಾಂತ್ಯದ ಆರೋಗ್ಯ ವಿಮೆ, ಕೊಡುತ್ತದೆ.

ಮೂತ್ರದ ಉರಿ, ಕಣ್ಣು ಕೆಂಪಾಗುವುದು, ಇಂಥ ಕೆಲವಕ್ಕೆ ಕ್ಲಿನಿಕ್ ಕೂಡ ಬೇಡ. 2023ರ ಜನವರಿಯಿಂದ ಫಾರ್ಮಸಿಸ್ಟರೇ ಔಷಧ ಬರೆದುಕೊಡುತ್ತಾರೆ. ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯದಿದ್ದರೆ 811ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ನರ್ಸ್ ಸಿಗುತ್ತಾರೆ, ಫ್ರೀ.

ಹಾಗಂತ ಎಲ್ಲದಕ್ಕೂ ವಾಕ್-ಇನ್ ಅಂತ ಕೂರಬೇಡಿ. ಎದೆನೋವು, ಉಸಿರು ಕಟ್ಟುವುದು, ಬಾಯಿ ಒಂದು ಕಡೆ ಸೊಟ್ಟಗಾಗುವುದು, ಮಾತು ತೊದಲುವುದು, ನಿಲ್ಲದ ರಕ್ತ: ಇವಕ್ಕೆ ಆಂಬುಲೆನ್ಸ್ ಕರೆಯುವ ತುರ್ತು ನಂಬರ್ 911, ಯೋಚಿಸುವ ಮಾತೇ ಇಲ್ಲ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ ಎಮರ್ಜೆನ್ಸಿಗೇ ಹೋಗಿ. ಬಿಪಿ, ಶುಗರ್ ಇದ್ದವರಿಗೆ ಫ್ಯಾಮಿಲಿ ಡಾಕ್ಟರ್ ಬೇಕೇ ಬೇಕು, ಯಾಕೆಂದರೆ ವಾಕ್-ಇನ್ ಡಾಕ್ಟರಿಗೆ ನಿಮ್ಮ ಹಳೆ ಕಥೆ ಗೊತ್ತಿರುವುದಿಲ್ಲ.

ಮಕ್ಕಳನ್ನು ನೋಡಲು ಇಲ್ಲಿಗೆ ಬರುವ ಅಪ್ಪ ಅಮ್ಮಂದಿರೇ, ಇದನ್ನು ಗಮನವಿಟ್ಟು ಓದಿ. ಸುಮ್ನೆ ಭೇಟಿಗೆ ಬಂದವರಿಗೆ ಒಹಿಪ್ ಇಲ್ಲ. ವಾಕ್-ಇನ್‌ನಲ್ಲೂ ಕೈಯಿಂದ ಕೊಡಬೇಕು, ಎಮರ್ಜೆನ್ಸಿಯಲ್ಲಿ ಬಿಲ್ ತುಂಬಾ ಜಾಸ್ತಿ. ಸೂಪರ್ ವೀಸಾಕ್ಕೆ, ಅಂದರೆ ಇಲ್ಲಿರುವವರ ಅಪ್ಪ ಅಮ್ಮ, ಅಜ್ಜ ಅಜ್ಜಿ ಹೆಚ್ಚು ಕಾಲ ಉಳಿಯಲು ಕೊಡುವ ವೀಸಾಕ್ಕೆ, ಕನಿಷ್ಠ 1 ಲಕ್ಷ ಕೆನಡಾ ಡಾಲರ್‌ನ ಆರೋಗ್ಯ ವಿಮೆ ಕಡ್ಡಾಯ. ಮಾಮೂಲಿ ವಿಸಿಟರ್ ವೀಸಾಕ್ಕೆ ಕಡ್ಡಾಯವಲ್ಲ, ಆದರೂ ದಯವಿಟ್ಟು ಮಾಡಿಸಿಕೊಂಡೇ ವಿಮಾನ ಹತ್ತಿ. ಹಳೆ ಕಾಯಿಲೆಗೆ ಅದು ದುಡ್ಡು ಕೊಡುತ್ತದಾ ಅಂತ ಮೊದಲೇ ಕೇಳಿ. ದಿನಾ ತಗೊಳ್ಳುವ ಮಾತ್ರೆಗಳ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಜೆನೆರಿಕ್ ಹೆಸರೂ ಬರೆಸಿಕೊಂಡು ಬನ್ನಿ. ನಮ್ಮ ಕಡೆಯ ಬ್ರ್ಯಾಂಡ್‌ಗಳು ಇಲ್ಲಿಯ ಡಾಕ್ಟರಿಗೆ ಗೊತ್ತಾಗುವುದು ಕಷ್ಟ.