ಉದ್ದ ತೋಳಿನವರ ಲಾಂಗ್‌ಬೋ: ಇಂಚು ಮೊದಲು, ಪೌಂಡ್ ಆಮೇಲೆ

ಲಾಂಗ್‌ಬೋ, ಎಂದರೆ ಉದ್ದನೆಯ ಸಾದಾ ಬಿಲ್ಲು, ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಪೌಂಡ್?’ ಅಂತ, ಅಂದರೆ ಪೂರ್ತಿ ಎಳೆಯಲು ಎಷ್ಟು ಬಲ ಬೇಕು ಅಂತ. ಹೆದೆಯನ್ನು 27–28 ಇಂಚು ಎಳೆಯುವವರಿಗೆ ಆ ಪ್ರಶ್ನೆ ಸಾಕು, ಅಂಗಡಿಯ ಬಹುಪಾಲು ಬಿಲ್ಲುಗಳು ಅವರ ಅಳತೆಯವೇ. 30ರಿಂದ 32 ಇಂಚು ಎಳೆಯುವವರು ಮಾತ್ರ ಬಿಲ್ಲಿನ ಉದ್ದ ಎಷ್ಟು, ಅದನ್ನು ಎಷ್ಟು ಇಂಚಿನವರೆಗೆ ಎಳೆಯಬಹುದು ಎಂಬುದರಿಂದಲೇ ಶುರು ಮಾಡಬೇಕು.

ಅದಕ್ಕೆ ಮೊದಲು ನಿಮ್ಮ ಎಳೆತ ಎಷ್ಟೆಂದು ಗೊತ್ತಿರಬೇಕಲ್ಲ. ಎರಡೂ ಕೈ ಚಾಚಿ ಅಳೆದ ಮಾರನ್ನು 2.5ರಿಂದ ಭಾಗಿಸುವ ಲೆಕ್ಕವೊಂದಿದೆ: 75 ಇಂಚಿನ ಮಾರಿಗೆ 30 ಇಂಚಿನ ಎಳೆತ. ಇದು ಬರೀ ಅಂದಾಜು. ರಿಕರ್ವ್‌ನಲ್ಲೋ (ತುದಿ ಮುಂದಕ್ಕೆ ಬಾಗಿದ ಬಿಲ್ಲು) ಕಾಂಪೌಂಡ್‌ನಲ್ಲೋ (ರಾಟೆಯ ಬಿಲ್ಲು) ತೆಗೆದ ಅಳತೆಯೂ ಇಲ್ಲಿ ನಡೆಯುವುದಿಲ್ಲ. ಲಾಂಗ್‌ಬೋ ಹಿಡಿದಾಗ ಮೊಣಕೈ ತುಸು ಬಾಗುತ್ತದೆ, ಹೆದೆ ಗದ್ದದ ಕೆಳಗೆ ಹೋಗದೆ ಬಾಯಿಯ ಮೂಲೆಗೆ ಬಂದು ನಿಲ್ಲುತ್ತದೆ. ಹಾಗಾಗಿ ಅನೇಕರ ಎಳೆತ ಒಂದಿಂಚಿನಷ್ಟು ತಗ್ಗುತ್ತದೆ. (ಕಾವ್ಯಗಳ ವೀರರಂತೆ ಆಕರ್ಣಾಂತ ಸೆಳೆಯುವವರ ಲೆಕ್ಕವೇ ಬೇರೆ.)

20–25 ಪೌಂಡಿನ ಬಿಲ್ಲು, 34 ಇಂಚಿನ ಬಾಣ ತೆಗೆದುಕೊಳ್ಳಿ. ಬಾಣದ ಮೇಲೆ ಅರ್ಧರ್ಧ ಇಂಚಿಗೆ ಪೆನ್ನಿನ ಗೆರೆ ಹಾಕಿ. ನೀವು ಪೂರ್ತಿ ಎಳೆದಾಗ ಬಿಲ್ಲಿನ ಗುರಿಯ ಕಡೆಯ ಮೈಗೆ ಯಾವ ಗೆರೆ ಬಂತೆಂದು ಪಕ್ಕದಲ್ಲಿ ನಿಂತವರು ಬರೆದುಕೊಳ್ಳಲಿ. ಹತ್ತು ಸಲ ಎಳೆದು ಮೊದಲೆರಡನ್ನು ಬಿಟ್ಟುಬಿಡಿ, ಪದೇಪದೇ ಬಂದ ಅಂಕಿಯೇ ನಿಮ್ಮದು. ಕಾರ್ಖಾನೆಯ ಬಿಲ್ಲುಗಳಲ್ಲಿ ಎಳೆತವನ್ನು ಹಿಡಿಯ ಅತಿ ಆಳದ ಬಿಂದುವಿನಿಂದ ಹೆದೆಯವರೆಗೆ ಅಳೆದು ಅದಕ್ಕೆ 1¾ ಇಂಚು ಸೇರಿಸುತ್ತಾರೆ. ಸಾಮಾನ್ಯ ಹಿಡಿಯಲ್ಲಿ ಎರಡು ಅಳತೆಗೂ ಹೆಚ್ಚು ವ್ಯತ್ಯಾಸ ಬರದು.

ಈಗ ನಿಜವಾದ ತೊಂದರೆಗೆ ಬರೋಣ. ಎಳೆದಷ್ಟೂ ಲಿಂಬ್‌ನ (ಹಿಡಿಯ ಮೇಲೆ, ಕೆಳಗೆ ಬಗ್ಗುವ ತೋಳು) ತುದಿಗೂ ಹೆದೆಗೂ ನಡುವಿನ ಕೋನ ಅಗಲವಾಗುತ್ತಾ ಹೋಗುತ್ತದೆ. ಅದು 90 ಡಿಗ್ರಿ ಹತ್ತಿರ ಬಂದ ಮೇಲೆ ಲಿಂಬ್ ಬಗ್ಗುವುದಕ್ಕಿಂತ ಹೆದೆ ಅದನ್ನು ಉದ್ದಕ್ಕೆ ಜಗ್ಗುವುದೇ ಹೆಚ್ಚು. ಅಲ್ಲಿಯವರೆಗೆ ಇಂಚಿಗೆ ಎರಡೂವರೆ–ಮೂರು ಪೌಂಡ್ ಏರುತ್ತಿದ್ದ ಭಾರ ಒಮ್ಮೆಲೇ ಐದಾರಕ್ಕೆ ಹಾರುತ್ತದೆ. ಇದೇ ಸ್ಟ್ಯಾಕಿಂಗ್. ಗೋಡೆಗೆ ಡಿಕ್ಕಿ ಹೊಡೆದಂತಾಗಿ ಕೈ ಕೊನೆಯ ಅರ್ಧ ಇಂಚನ್ನು ಕದಿಯಲು ಶುರು ಮಾಡುತ್ತದೆ, ಬಾಣ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಬೀಳುತ್ತದೆ. ಜೊತೆಗೆ ಗಿಡ್ಡ ಬಿಲ್ಲಿನ ಹೆದೆ ಬೆರಳುಗಳ ಬಳಿ ಚೂಪಾಗಿ ಮಡಚಿ ತೋರುಬೆರಳು, ಉಂಗುರಬೆರಳುಗಳನ್ನು ಹಿಂಡುತ್ತದೆ. ಬಾಣದ ನಾಕ್ (ಹೆದೆ ಕೂರುವ ಹಿಂತುದಿಯ ಕಚ್ಚು) ಬೆರಳ ಸಂದಿಯಲ್ಲಿ ಸಿಕ್ಕಿಕೊಂಡು ಬಿಡುಗಡೆ ಒರಟಾಗುತ್ತದೆ.

ನೇರ ಲಿಂಬ್‌ನ ಚಪ್ಪಟೆ ಲಾಂಗ್‌ಬೋ ಆದರೆ 29–30 ಇಂಚಿನ ಎಳೆತಕ್ಕೆ 68, 31–32ಕ್ಕೆ 70 ಅಥವಾ 72 ಇಂಚಿನ ಬಿಲ್ಲು ನೋಡಿ. ರಿಫ್ಲೆಕ್ಸ್-ಡಿಫ್ಲೆಕ್ಸ್ ವಿನ್ಯಾಸದಲ್ಲಿ (ಲಿಂಬ್ ಹಿಡಿಯ ಬಳಿ ನಿಮ್ಮ ಕಡೆಗೆ, ತುದಿಯಲ್ಲಿ ಗುರಿಯ ಕಡೆಗೆ ಬಾಗಿರುವುದು) ಕೋನ ತಡವಾಗಿ ತೆರೆಯುವುದರಿಂದ ಎರಡು ಇಂಚು ಕಡಿಮೆಯಾದರೂ ನಡೆದೀತು. ಆದರೆ ಒಟ್ಟು ಉದ್ದ ನೋಡಿ ಮೋಸ ಹೋಗಬೇಡಿ. ಬಗ್ಗುವುದು ಲಿಂಬ್, ಹಿಡಿಯ ಭಾಗವಲ್ಲ. 68 ಇಂಚಿನ ಬಿಲ್ಲಿನಲ್ಲಿ ಬಗ್ಗದ ನಡುಭಾಗ 14 ಇಂಚಿದ್ದರೆ ಒಂದೊಂದು ಲಿಂಬ್‌ಗೆ 27 ಇಂಚು ಸಿಗುತ್ತದೆ, ಅದೇ 20 ಇಂಚಿದ್ದರೆ 24 ಮಾತ್ರ. ಉದ್ದ ಬಿಲ್ಲು ನಿಧಾನ ಎಂಬ ದೂರು ನಿಮಗೆ ಅಷ್ಟಾಗಿ ತಟ್ಟದು: 28 ಇಂಚಿನವರಿಗಿಂತ ಹೆದೆ ನಿಮ್ಮ ಬಾಣವನ್ನು ಎರಡು–ಮೂರು ಇಂಚು ಹೆಚ್ಚು ದೂರ ತಳ್ಳುತ್ತದೆ.

ಹಳೆಯ ಇಂಗ್ಲಿಷ್ ಮಾದರಿಗೆ ಇನ್ನೂ ಉದ್ದ ಬೇಕು. 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ ಯೂ ಮರದ ಬಿಲ್ಲುಗಳು ಸುಮಾರು 1.87ರಿಂದ 2.11 ಮೀಟರ್ ಇವೆ, ಎಂದರೆ 74ರಿಂದ 83 ಇಂಚು. 31 ಇಂಚು ಎಳೆಯುವವರಿಗೆ 76ಕ್ಕಿಂತ ಕಡಿಮೆಯದನ್ನು ನಾನಂತೂ ಹೇಳುವುದಿಲ್ಲ. ಬರೀ ಮರದ ಬಿಲ್ಲು ಕ್ಷಮಿಸುವುದೂ ಇಲ್ಲ. 28 ಇಂಚಿನವರೆಗೆ ಸಮನಾಗಿ ಬಗ್ಗುವಂತೆ ಹದಗೊಳಿಸಿದ್ದನ್ನು 31ಕ್ಕೆ ಎಳೆದರೆ ನಿಮ್ಮ ಕಡೆಯ ಮೈಯಲ್ಲಿ ಮರದ ನಾರು ಒತ್ತಿ ಮುದುಡಿ, ಕೂದಲೆಳೆಯಂಥ ಅಡ್ಡ ಗೆರೆಗಳು ಮೂಡುತ್ತವೆ. ಅಲ್ಲಿಂದ ಮುರಿಯಲು ಹೆಚ್ಚು ದಿನ ಬೇಕಿಲ್ಲ. ಸೆಕೆಂಡ್‌ಹ್ಯಾಂಡ್ ಬಿಲ್ಲಾದರೆ ಟಾರ್ಚನ್ನು ಓರೆಯಾಗಿ ಹಿಡಿದು ಈ ಗೆರೆ ಹುಡುಕಿ. ಗುರಿಯ ಕಡೆಯ ಮೈ ಮೇಲೆ ಹತ್ತಿ ಉಂಡೆ ಸವರಿ, ಎದ್ದ ಸಿಬಿರಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಹೊಸದು ಮಾಡಿಸುವುದಾದರೆ ನಿಮ್ಮ ಎಳೆತಕ್ಕಿಂತ ಒಂದಿಂಚು ಹೆಚ್ಚಿಗೆ ಹದ ಮಾಡಲು ಹೇಳಿ, ಪೌಂಡನ್ನೂ 28ಕ್ಕಲ್ಲ, ನಿಮ್ಮ ಇಂಚಿಗೇ ಬರೆಸಿ. ‘28ಕ್ಕೆ 45’ ಎಂದಿರುವುದು 31ರಲ್ಲಿ 53ರ ಆಸುಪಾಸು ಬರುತ್ತದೆ.

ತಯಾರಕರು ನಿಮ್ಮ ಎಳೆತದಷ್ಟು ಎಳೆಯಬಹುದು ಅಂದಿದ್ದರೆ ಲಗೇಜ್ ತೂಗುವ ಡಿಜಿಟಲ್ ತಕ್ಕಡಿಯಿಂದ ಪರೀಕ್ಷಿಸಿ. ಕೊಕ್ಕೆಯನ್ನು ಹೆದೆಗೆ ಹಾಕಿ 26ರಿಂದ ಒಂದೊಂದೇ ಇಂಚು ಎಳೆಯುತ್ತಾ ತೂಕ ಬರೆದುಕೊಳ್ಳಿ, ಪ್ರತಿ ಸಲ ನಿಧಾನವಾಗಿ ಇಳಿಸಿ. ಕೈ ಜಾರಿ ಖಾಲಿ ಹೆದೆ ಚಿಮ್ಮಿದರೆ ಬಿಲ್ಲೇ ಹೋದೀತು. ಇಂಚಿಗೆ 1.1–1.4 ಕೆಜಿ ಏರುತ್ತಾ ಬಂದು ಕೊನೆಯ ಇಂಚಿಗೆ 2.3 ಆಯಿತೋ, ಆ ಬಿಲ್ಲು ನಿಮಗೆ ಗಿಡ್ಡ.

ಇಷ್ಟಾದ ಮೇಲೂ ಬಾಣದ ಕಡ್ಡಿಯಲ್ಲಿ ಎಡವುವವರಿದ್ದಾರೆ. ಮರದ ಕಡ್ಡಿ ಸಾಮಾನ್ಯವಾಗಿ ಬರುವುದು 32 ಇಂಚು. ಮೊನೆ ಕೂರಿಸಲು ತುದಿಯನ್ನು ಚೂಪು ಮಾಡುವಾಗ ಒಂದಿಂಚಿನಷ್ಟು ಹೋಗುತ್ತದೆ, ಮೊನೆಯ ಬುಡ 31ರ ಹತ್ತಿರ ನಿಲ್ಲುತ್ತದೆ. ಪೂರ್ತಿ ಎಳೆದಾಗಲೂ ಅದು ಬಿಲ್ಲಿನಿಂದ ಒಂದಿಂಚು ಆಚೆ ಇರಬೇಕು, ಇಲ್ಲದಿದ್ದರೆ ಮೊನೆ ಹಿಡಿದ ಕೈಗೆ ಬಂದೀತು. ಹಾಗಾಗಿ 30 ದಾಟಿದವರಿಗೆ ಉದ್ದದ ಬಿದಿರು, ಅಥವಾ ತುದಿಗೆ ಗಟ್ಟಿಮರ ಬೆಸೆದು ಉದ್ದ ಮಾಡಿದ ಕಡ್ಡಿಯೇ ಗತಿ. ಸ್ಪೈನ್, ಎಂದರೆ ಕಡ್ಡಿಯ ಬಿಗಿತವನ್ನು ಅದು ಹೊಂದುವ ಬಿಲ್ಲಿನ ಪೌಂಡಿನಲ್ಲಿ ಹೇಳುವ ಲೆಕ್ಕದಲ್ಲಿ 28ರ ಮೇಲಿನ ಪ್ರತಿ ಇಂಚಿಗೆ 5 ಪೌಂಡ್ ಸೇರಿಸಿ: ನಿಮ್ಮ ಎಳೆತದಲ್ಲಿ 50 ಪೌಂಡ್ ಬರುವ ಬಿಲ್ಲು, 32 ಇಂಚಿನ ಬಾಣ ಎಂದರೆ 70. ಹಿಡಿಯ ಮೇಲೆ ಬಾಣಕ್ಕೆ ಕಚ್ಚು ಕೊಯ್ಯದ ಬಿಲ್ಲಾದರೆ ಬಾಣ ಬಳುಕಿ ಬಿಲ್ಲನ್ನು ಸುತ್ತಿ ಹೋಗಬೇಕು, ಸ್ಪೈನ್‌ನಲ್ಲಿ 5–10 ಇಳಿಸಿ. ಡಜನ್‌ಗಟ್ಟಲೆ ತರಿಸುವ ಮೊದಲು 60–65ರದು ಮೂರು, 65–70ರದು ಮೂರು ತರಿಸಿ ಎಸೆದು ನೋಡಿ.