ಬಾರ್ಲಿ ವೈನ್ ಇಡುವ ಜಾಗ

ಬಾರ್ಲಿ ವೈನ್ ಅನ್ನುವ ಗಡಸು ಬಿಯರಿನ ಬಾಟಲಿಯನ್ನು ವರ್ಷಗಟ್ಟಲೆ ಇಟ್ಟು ಕುಡಿಯಬೇಕು ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿ ಇಡಬೇಕು ಅಂತ ಹೇಳುವವರು ಕಡಿಮೆ. ಇಂಗ್ಲೆಂಡಿನ ಹಳೇ ಮನೆಗಳಲ್ಲಿ ನೆಲಮಾಳಿಗೆ ಇರುತ್ತದೆ, ಬೇಸಿಗೆಯಲ್ಲೂ ತಣ್ಣಗಿರುತ್ತದೆ. ನಮ್ಮ ತುಮಕೂರಿನಲ್ಲಿ ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಬಿಸಿಲು. ಇಲ್ಲಿ ಬೀರುವಿನಲ್ಲಿಟ್ಟ ಬಾಟಲಿ ಮಾಗುವುದಿಲ್ಲ, ಬೇಯುತ್ತದೆ.

ನಮ್ಮದು ಬಟವಾಡಿ ಎಪಿಎಂಸಿಯಲ್ಲಿ ಹುಣಸೆಹಣ್ಣಿನ ಮಂಡಿ. ಹಾಗಾಗಿ ಈ ಬೇಯುವ ವಿಷಯ ನನಗೆ ಚೆನ್ನಾಗಿ ಗೊತ್ತು. ಫೆಬ್ರುವರಿ, ಮಾರ್ಚ್‌ನಲ್ಲಿ ಬರುವ ಹೊಸ ಹಣ್ಣು ಕೆಂಪಗಿರುತ್ತದೆ. ಸುಮ್ನೆ ಗೋಡೌನಿನಲ್ಲಿ ಬಿಟ್ಟರೆ ಬಿಸಿಗೆ, ಗಾಳಿಗೆ ಕಪ್ಪಾಗುತ್ತಾ ಹೋಗುತ್ತದೆ, ರೇಟು ಬೀಳುತ್ತದೆ. ಅದಕ್ಕೇ ಕೋಲ್ಡ್ ಸ್ಟೋರೇಜಿಗೆ ಹಾಕುವುದು. ಆದರೆ ನಮ್ಮಮ್ಮನಿಗೆ ಗೊಜ್ಜಿಗೆ ಹಳೇ ಹಣ್ಣೇ ಬೇಕು. ಹದವಾಗಿ ಹಳೆಯದಾದದ್ದು ಬೇರೆ, ಕೆಟ್ಟು ಕಪ್ಪಾದದ್ದು ಬೇರೆ. ಬಾರ್ಲಿ ವೈನ್ ಕಥೆಯೂ ಇದೇ.

ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ದ್ರಾಕ್ಷಿ ಇಲ್ಲ, ಇದು ಬಿಯರೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಸೋಸುತ್ತಾರಲ್ಲ, ಅದರಲ್ಲಿ ಮೊದಲು ಇಳಿಯುವ ರಸ ತುಂಬಾ ಗಟ್ಟಿ, ತುಂಬಾ ಸಿಹಿ. ಹಿಂದೆ ಇಂಗ್ಲೆಂಡಿನಲ್ಲಿ ಆ ಮೊದಲ ರಸದಿಂದ ಗಡಸು ಬಿಯರ್ ಮಾಡಿ, ಅದೇ ಕಾಳಿಗೆ ಮತ್ತೆ ನೀರು ಹಾಕಿ ಬಂದದ್ದರಿಂದ ತೆಳು ಬಿಯರ್ ಮಾಡುತ್ತಿದ್ದರು. ನಮ್ಮ ಅಂಗಡಿಯಲ್ಲಿ ಸಿಗುವ ಸ್ಟ್ರಾಂಗ್ ಬಿಯರ್‌ನಲ್ಲಿ ಆಲ್ಕೋಹಾಲ್ ಶೇ. 8 ದಾಟುವುದಿಲ್ಲ. ಬಾರ್ಲಿ ವೈನ್ ಹೆಚ್ಚುಕಮ್ಮಿ ಅಲ್ಲಿಂದಲೇ ಶುರುವಾಗಿ 12ರವರೆಗೂ ಹೋಗುತ್ತದೆ. ಆ ಆಲ್ಕೋಹಾಲು, ಉಳಿದ ಸಿಹಿ, ಹಾಪ್ಸ್ ಹೂವಿನ ಕಹಿ, ಇವು ಮೂರೂ ಸೇರಿ ಬಿಯರನ್ನು ಕಾಯುತ್ತವೆ. ಲಾಗರ್ ಅನ್ನುವ ಮಾಮೂಲಿ ತಿಳಿ ಬಿಯರ್‌ಗೆ ಆ ಶಕ್ತಿ ಇಲ್ಲ. ಅದನ್ನು ದಯವಿಟ್ಟು ಎತ್ತಿಡಬೇಡಿ, ತಾಜಾ ಇರುವಾಗಲೇ ಕುಡಿಯಿರಿ.

ನನಗೆ ಈ ರುಚಿ ಹತ್ತಿಸಿದ್ದು ಅಕ್ಕನ ಮಗ. ಅವನು ಮ್ಯಾಂಚೆಸ್ಟರ್‌ನಲ್ಲಿದ್ದಾನೆ. ಅಲ್ಲೇ ಪಕ್ಕದ ಮಿಡಲ್‌ಟನ್‌ನಲ್ಲಿ ಜೆ.ಡಬ್ಲ್ಯೂ. ಲೀಸ್ ಅನ್ನುವ ಹಳೇ ಬ್ರೂವರಿ ಇದೆ. ಅವರು 1986ರಲ್ಲಿ ಹಾರ್ವೆಸ್ಟ್ ಏಲ್ ಅನ್ನುವ ಬಾರ್ಲಿ ವೈನ್ ಶುರು ಮಾಡಿದರು. ಏಲ್ ಅಂದರೆ ಇಂಗ್ಲೆಂಡಿನ ಹಳೇ ಶೈಲಿಯ ಬಿಯರ್. ಆ ವರ್ಷದ ಹೊಸ ಬಾರ್ಲಿ, ಹೊಸ ಹಾಪ್ಸ್ ಹಾಕಿ ಮಾಡುವುದು, ಲೇಬಲ್ಲಿನ ಮೇಲೆ ಇಸವಿ ಹಾಕುವುದು. ಶೇ. 11.5 ಆಲ್ಕೋಹಾಲ್, 275 ಮಿಲಿಯ ಪುಟ್ಟ ಬಾಟಲಿ. ವಿಮಾನದಲ್ಲಿ ಬರುವವರು ತೆರಿಗೆ ಇಲ್ಲದೆ ತರಬಹುದಾದದ್ದು 2 ಲೀಟರ್. ಲೆಕ್ಕ ಹಾಕಿದರೆ ಏಳು ಬಾಟಲಿ ಬರುತ್ತದೆ. ಮೊದಲ ಸಲ ಕೈಗೆ ಕೊಡುವಾಗ, "ಮಾಮ, ಒಂದನ್ನ ಈಗ್ಲೇ ಕುಡೀರಿ. ಉಳಿದದ್ದನ್ನ ಮುಟ್ಟಬೇಡಿ" ಅಂದ. ಈಗಲೇ ಒಂದು ಅಂದನಲ್ಲ, ಅದು ಬಹಳ ಒಳ್ಳೆ ಸಲಹೆ. ಹೊಸದರ ರುಚಿ ಗೊತ್ತಿಲ್ಲದಿದ್ದರೆ ಹಳೆಯದು ಏನಾಗಿದೆ ಅಂತ ಹೇಗೆ ಗೊತ್ತಾಗಬೇಕು?

ಇಡುವುದಕ್ಕೆ ನಾನು ಮಾಡಿಕೊಂಡಿರುವ ವ್ಯವಸ್ಥೆ ಸರಳ. ಮನೆಯ ಹಳೇ ಸಿಂಗಲ್ ಡೋರ್ ಫ್ರಿಜ್. ಹೊರಗಿನಿಂದ ಒಂದು ಟೆಂಪರೇಚರ್ ಕಂಟ್ರೋಲರ್ ಹಾಕಿಸಿ 12 ಡಿಗ್ರಿಗೆ ಇಟ್ಟಿದ್ದೇನೆ. ಫ್ರಿಜ್ಜಿನ ಮಾಮೂಲಿ 4 ಡಿಗ್ರಿಯಲ್ಲಿ ಬಿಯರ್ ಕೆಡುವುದಿಲ್ಲ, ಆದರೆ ಮಾಗುವುದೂ ತೀರಾ ನಿಧಾನ. ಬಾಟಲಿಗಳನ್ನು ನಿಲ್ಲಿಸಿಯೇ ಇಡಬೇಕು. ವೈನಿನ ಹಾಗೆ ಮಲಗಿಸಿದರೆ ಗಾಳಿಗೆ ಸೋಕುವ ಬಿಯರಿನ ಮೈ ಜಾಸ್ತಿಯಾಗುತ್ತದೆ, ತಳದ ಗಸಿಯೂ ಕದಡುತ್ತದೆ. ಒಳಗಿನ ಬಲ್ಬು ತೆಗೆದುಬಿಟ್ಟಿದ್ದೇನೆ. ಬೆಳಕು ತಾಗಿದರೆ ಹಾಪ್ಸ್‌ನ ಕಹಿ ಅಂಶ ಒಡೆದು ಕೆಟ್ಟ ವಾಸನೆ ಹುಟ್ಟುತ್ತದೆ. ಕಂದು ಗಾಜು ಅದನ್ನು ಬಹಳಷ್ಟು ತಡೆಯುತ್ತದೆ, ಆದರೂ ಕತ್ತಲೆಯೇ ಕ್ಷೇಮ. ಕರೆಂಟು ಹೋದರೆ ಬಾಗಿಲು ತೆಗೆಯದಿದ್ದರೆ ಸಾಕು, ಎರಡು ಮೂರು ಗಂಟೆ ಏನೂ ಆಗುವುದಿಲ್ಲ.

ಈ ಯುಗಾದಿ ಹೊಸತೊಡಕಿನ ಸಂಜೆ ಭಾವ ಬಂದಿದ್ದರು. ಹೊಸ ಬಾಟಲಿ ಒಂದು, ಐದಾರು ವರ್ಷ ಹಳೆಯದು ಒಂದು, ಎರಡನ್ನೂ ಪಕ್ಕಪಕ್ಕ ಸುರಿದೆವು. ಹೊಸದು ತಾಮ್ರದ ಬಣ್ಣ. ಮೂಗಿಗೆ ಜೇನು, ಬಾಯಿಗೆ ಬೆಲ್ಲದ ಪಾಕ, ನುಂಗಿದ ಮೇಲೆ ಗಂಟಲಲ್ಲಿ ಬಿಸಿ. ಸಿಹಿ ಒಂದು ಕಡೆ, ಕಹಿ ಒಂದು ಕಡೆ, ಇನ್ನೂ ಒಂದಕ್ಕೊಂದು ಹೊಂದಿಕೊಂಡಿರಲಿಲ್ಲ. ಹಳೆಯದು ಗಾಢ ಕಂದು, ನೊರೆ ಹೆಸರಿಗಷ್ಟೇ. ಒಣದ್ರಾಕ್ಷಿ, ಖರ್ಜೂರ, ಅಂಜೂರ. ಕಹಿ ಹಿಂದೆ ಸರಿದು ಬಾಯ ತುಂಬ ನುಣುಪು. ಭಾವ ಗ್ಲಾಸಿಗೆ ಮೂಗಿಟ್ಟು ಬಹಳ ಹೊತ್ತು ಯೋಚನೆ ಮಾಡಿ, "ಮೆಂತ್ಯ ಹಾಕಿದ್ದಾರೇನೋ" ಅಂದರು.

ಎಷ್ಟು ಸರಿಯಾಗಿ ಹಿಡಿದರು ನೋಡಿ! ಮೆಂತ್ಯಕ್ಕೆ ಆ ಪರಿಮಳ ಕೊಡುವುದು ಸೊಟೊಲಾನ್ ಅನ್ನುವ ವಸ್ತು. ವರ್ಷಗಟ್ಟಲೆ ಮಾಗಿಸಿದ ಶೆರ್ರಿ ಅನ್ನುವ ಸ್ಪೇನಿನ ವೈನಿನಲ್ಲೂ ಅದು ಇದೆ, ಹಳೇ ಬಿಯರಿನಲ್ಲೂ ಹುಟ್ಟಿಕೊಳ್ಳುತ್ತದೆ. ಬಿಯರಿನ ಒಳಗೇ ನಿಧಾನವಾಗಿ ನಡೆಯುವ ಕೆಲಸ ಇದು. ಮುಚ್ಚಳದ ಅಂಚಿನಿಂದ ಒಂದಿಷ್ಟು ಗಾಳಿ ಒಳಗೆ ಹೋಗುತ್ತಲೇ ಇರುತ್ತದೆ. ತಂಪಿನಲ್ಲಿ ಅದು ಒಣಹಣ್ಣಿನ ಪರಿಮಳ ತರುತ್ತದೆ. ಸೆಕೆಯಲ್ಲಿ ಅದೇ ಗಾಳಿ ಒದ್ದೆ ರಟ್ಟಿನ ವಾಸನೆ ಮುಂದೆ ಮಾಡುತ್ತದೆ. ಒಳ್ಳೆ ಬಿಯರ್ ಹಾಗೆ ಹಾಳಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾಗಂತ ಹಳೆಯದಾದಷ್ಟೂ ಒಳ್ಳೆಯದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನ ಬರ್ಟನ್ ಊರಿನಲ್ಲಿ 1869ರಲ್ಲಿ ರ‍್ಯಾಟ್‌ಕ್ಲಿಫ್ ಏಲ್ ಅಂತ ಮಾಡಿದ್ದರು. ಬ್ರೂವರಿ ಮನೆತನದಲ್ಲಿ ಮಗು ಹುಟ್ಟಿದ ಖುಷಿಗೆ. 2006ರಲ್ಲಿ ಆ ಬಾಟಲಿಗಳು ಬ್ರೂವರಿಯ ಮಾಳಿಗೆಯಲ್ಲಿ ಸಿಕ್ಕಾಗ ಬಿಯರ್ ಇನ್ನೂ ಕುಡಿಯುವ ಹಾಗಿತ್ತಂತೆ. 137 ವರ್ಷ! ಕೇಳುವುದಕ್ಕೆ ರೋಮಾಂಚನ. ಆದರೆ ನನಗೆ ಬೇಕಿರುವುದು ಜೀವ ಇರುವ ಬಿಯರ್. ಸಿಹಿ ಇನ್ನೂ ಉಳಿದಿರಬೇಕು, ಕಹಿ ಮೆತ್ತಗಾಗಿರಬೇಕು. ನನ್ನ ನಾಲಿಗೆಗೆ ಆ ಹದ ಸಿಗುವುದು ನಾಲ್ಕರಿಂದ ಏಳು ವರ್ಷದ ಒಳಗೆ.

ಎಲ್ಲ ಬಾರ್ಲಿ ವೈನೂ ಇಡುವಂಥದ್ದಲ್ಲ, ಅದೂ ನೆನಪಿರಲಿ. ಅಮೆರಿಕದ ಸಿಯೆರಾ ನೆವಾಡಾದವರು 1983ರಿಂದ ಬಿಗ್‌ಫುಟ್ ಮಾಡುತ್ತಿದ್ದಾರೆ, ಶೇ. 9.6. ಅದರಲ್ಲಿ ಹಾಪ್ಸ್ ಧಾರಾಳ. ಕಿತ್ತಳೆ ಸಿಪ್ಪೆ, ದೇವದಾರು ಅಂಟಿನಂಥ ಆ ಘಮ ಬೇಕು ಅಂದರೆ ಹೊಸದರಲ್ಲೇ ಕುಡಿಯಬೇಕು. ಇಟ್ಟರೆ ಮೊದಲು ಹೋಗುವುದೇ ಆ ಘಮ. ಅದನ್ನೂ ಮಾಗಿಸಿ ಇಷ್ಟಪಡುವವರು ಇದ್ದಾರೆ. ಜಾಗ ಕಡಿಮೆ ಇರುವ ಫ್ರಿಜ್ಜಿನಲ್ಲಿ ನಾನು ಇಂಗ್ಲೆಂಡಿನದಕ್ಕೇ ಸ್ಥಳ ಕೊಡುತ್ತೇನೆ.

ಕುಡಿಯುವಾಗ ಐಸ್‌ನಂತೆ ತಣ್ಣಗೆ ಮಾಡಬೇಡಿ, ಪರಿಮಳವೆಲ್ಲ ಮುದುಡಿಕೊಳ್ಳುತ್ತದೆ. ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಬಿಡಿ. ಸಣ್ಣ ಗ್ಲಾಸು ಸಾಕು. ಒಂದು ಬಾಟಲಿ ಇಬ್ಬರಿಗೆ, ಒಂದಿಡೀ ಸಂಜೆಗೆ. ಹೊಸತೊಡಕಿನ ದಿನ ಮನೆಯಲ್ಲಿ ಮಟನ್ ಚಾಪ್ಸ್ ಇದ್ದೇ ಇತ್ತು, ಆದರೆ ಅದರ ಖಾರ ಆಲ್ಕೋಹಾಲಿನ ಬಿಸಿಯನ್ನು ಇನ್ನೂ ಕೆರಳಿಸುತ್ತದೆ, ಬಿಯರಿನ ರುಚಿಯೇ ತಿಳಿಯುವುದಿಲ್ಲ. ಹಿಂದಿನ ದಿನದ ಒಬ್ಬಟ್ಟೂ ಹೊಂದಲಿಲ್ಲ, ಸಿಹಿಗೆ ಸಿಹಿ ಸೇರಿ ಬಾಯಿ ಕಟ್ಟಿತು. ಉಪ್ಪು ಹಾಕಿ ಹುರಿದ ಕಡಲೆಕಾಯಿ ಬೀಜ ಮಾತ್ರ ಎರಡು ಗ್ಲಾಸಿಗೂ ಚೆನ್ನಾಗಿ ಒಗ್ಗಿತು. ಹಳೆಯದಕ್ಕೆ ಇನ್ನೂ ಚೆನ್ನಾಗಿ.