ಎರಡು ಹಾಜರಿ

ಜನವರಿ ಕೊನೆಗೆ ಹಾಜರಿ ಪುಸ್ತಕ ಕೂಡಿಸುತ್ತಿದ್ದೆ. ಒಂದು ಸಾಲಿನಲ್ಲಿ ಪೆನ್ನು ನಿಂತಿತು. ಶಾಲೆ ನಡೆದದ್ದು 23 ದಿನ, ಆ ಹುಡುಗಿ ಬಂದದ್ದು 9 ದಿನ. ನಾಲ್ಕನೇ ಕ್ಲಾಸು. ಡಿಸೆಂಬರ್‌ವರೆಗೆ ಕಾರಣವಿಲ್ಲದೆ ಒಂದು ದಿನವೂ ತಪ್ಪಿಸದವಳು, ಲೆಕ್ಕದಲ್ಲಿ ಕ್ಲಾಸಿಗೇ ಚುರುಕು.

ನಮ್ಮದು ಕೊಡಗಿನ ಸಿದ್ದಾಪುರದ ಕಡೆಯ ಸಣ್ಣ ಸರ್ಕಾರಿ ಶಾಲೆ. ಮಕ್ಕಳಲ್ಲಿ ಜಾಸ್ತಿ ಜನ ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಆಳುಗಳ ಸಾಲು ಮನೆಗಳಿಂದ ಬರುವವರು. ಜನವರಿ ಅಂದರೆ ರೊಬಸ್ಟಾ ಕಾಫಿಯ ಕೊಯ್ಲು. ಕೆ.ಜಿ. ಲೆಕ್ಕದಲ್ಲಿ ಕೂಲಿ. ಹಾಗಾಗಿ ಮನೆಯಲ್ಲಿ ಕೈಕಾಲು ಗಟ್ಟಿ ಇರುವವರೆಲ್ಲ ತೋಟದಲ್ಲೇ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಪ್ರತಿ ವರ್ಷ ಟೀ ಕುಡಿಯುತ್ತಾ "ಕೊಯ್ಲಿನ ಟೈಮು, ಏನು ಮಾಡೋಕಾಗುತ್ತೆ" ಅಂದು ಸುಮ್ಮನಾಗುವವರಲ್ಲಿ ನಾನೂ ಒಬ್ಬಳು.

ಈ ಸಲ ಯಾಕೋ ಸಿಟ್ಟು ಬಂತು. ಶನಿವಾರ ಶಾಲೆ ಬೇಗ ಬಿಡುತ್ತದಲ್ಲ, ನೇರ ಲೈನಿಗೆ ಹೋದೆ. ಹಣ್ಣಿನ ಚೀಲಗಳನ್ನು ತೂಕಕ್ಕೆ ಹಾಕಿ ತಾಯಿ ಆಗಷ್ಟೇ ಬಂದಿದ್ದಳು. ನಿಂತಲ್ಲೇ ಶುರು ಮಾಡಿದೆ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು, ಕಾಯ್ದೆ ಜಾರಿಗೆ ಬಂದು ಎಷ್ಟೋ ವರ್ಷ ಆಯ್ತು, ಹೇಳದೆ ಕೇಳದೆ ಸತತ 7 ದಿನ ಬಾರದಿದ್ದರೆ ಶಾಲೆ ಬಿಟ್ಟ ಮಗು ಅಂತ ಲೆಕ್ಕ. ಎಲ್ಲ ಹೇಳಿದೆ. ಅವಳು ಕಾಫಿ ಅಂಟಿನಿಂದ ಕಪ್ಪಾದ ಬೆರಳು ನೋಡಿಕೊಳ್ಳುತ್ತಾ "ಆಯ್ತು ಟೀಚರ್" ಅಂದಳು. ನಾನು ಗೆದ್ದೆ ಅಂದುಕೊಂಡು ಬಂದೆ.

ಸೋಮವಾರ ಹುಡುಗಿ ಬರಲಿಲ್ಲ. ಮಂಗಳವಾರವೂ ಇಲ್ಲ.

ಬಿಸಿಯೂಟ ಮಾಡುವ ಅಕ್ಕ ಅದೇ ಲೈನಿನವಳು. ಅಕ್ಕಿ ಆರಿಸುತ್ತಾ ತಲೆ ಎತ್ತದೆ ಹೇಳಿದಳು: "ನೀವು ಹೋಗಿ ಹೆದರಿಸಿ ಬಂದ್ರಿ ಟೀಚರ್. ಚಿಕ್ಕದನ್ನ ಯಾರು ನೋಡ್ಕೊಳ್ತಾರೆ ಅಂತ ಕೇಳಿದ್ರಾ?"

ಕೇಳಿರಲಿಲ್ಲ. ಮನೆಯಲ್ಲಿ ಚಿಕ್ಕ ಮಗು ಇದೆ ಅಂತಲೇ ಗೊತ್ತಿರಲಿಲ್ಲ.

ಭಾನುವಾರ ಮತ್ತೆ ಹೋದೆ. ಈ ಸಲ ಜಗಲಿಯಲ್ಲಿ ಕೂತೆ. ಬೆಲ್ಲದ ಕಾಫಿ ಬಂತು. "ಬೆಳಿಗ್ಗೆ ಎದ್ದ ಮೇಲೆ ಏನೇನಾಗುತ್ತೆ, ಹೇಳಿ ಅಕ್ಕಾ" ಅಂದೆ. ಅಷ್ಟೇ ಕೇಳಿದ್ದು. ಅವಳು ನಿಧಾನಕ್ಕೆ ಬಿಡಿಸಿ ಹೇಳಿದಳು.

ಅವರದು ಯರವರ ಮನೆ, ಆದಿವಾಸಿ ಸಮುದಾಯ. ಒಳಗೆ ಮಕ್ಕಳ ಜೊತೆ ಅವರ ಮಾತು, ನನ್ನ ಜೊತೆ ತೋಟದ ಕನ್ನಡ. "ಏಳೂವರೆಗೆ ತೋಟದ ಲೆಕ್ಕ ಬರೆಯೋ ರೈಟರ್ ಹಾಜರಿ ಕರೀತಾರೆ. ಆಗ ಇಲ್ಲಾಂದ್ರೆ ಆ ದಿನ ಹೋಯ್ತು. ಅಂಗನವಾಡಿ ತೆಗೆಯೋದು ಆಮೇಲೆ, ಅದೂ ಆ ಕಡೆ. ಶಾಲೆ ಈ ಕಡೆ. ಇವಳು ಚಿಕ್ಕವಳನ್ನ ಅಲ್ಲಿ ಬಿಟ್ಟು ಒಬ್ಬಳೇ ತಿರುಗಿ ಬರಬೇಕು. ಆನೆ ಓಡಾಡೋ ದಾರಿ. ಎಂತ ಮಾಡೋದು?"

ಆನೆ ವಿಷಯ ಸುಮ್ನೆ ನೆಪ ಅಲ್ಲ. ನಮ್ಮ ಕಡೆ ಬೆಳಿಗ್ಗೆ ತೋಟದ ರಸ್ತೆಯಲ್ಲಿ ಒಬ್ಬರೇ ಹೋಗಲು ದೊಡ್ಡವರೇ ಹಿಂದೆ ಮುಂದೆ ನೋಡುತ್ತಾರೆ.

"ಹಾಗಾದ್ರೆ ಡಿಸೆಂಬರ್ ತನಕ ಹೇಗೆ ಬರ್ತಿದ್ಲು?"

"ಅತ್ತೆ ಇದ್ರಲ್ಲ."

ಅಜ್ಜಿ ತೀರಿಕೊಂಡಾಗ ಹುಡುಗಿ ಮೂರು ದಿನ ಬಂದಿರಲಿಲ್ಲ. ಆ ಮೂರು ದಿನದ ಕಾರಣ ನನ್ನ ಕೈಯಲ್ಲೇ ಪುಸ್ತಕದಲ್ಲಿ ಬರೆದಿದ್ದೆ. ಅಜ್ಜಿ ಹೋದಮೇಲೆ ಆ ಮನೆಯಲ್ಲಿ ಚಿಕ್ಕ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ ಅನ್ನುವ ಯೋಚನೆ ನನಗೆ ಬರಲೇ ಇಲ್ಲ. ಅಕ್ಷರ ಬಲ್ಲವಳು ನಾನು, ಅಲ್ವಾ?

ದೊಡ್ಡ ಎಸ್ಟೇಟುಗಳಲ್ಲಿ ಆಳುಗಳ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಮಕ್ಕಳ ಮನೆ ಇರಬೇಕು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು, 50 ಹೆಣ್ಣಾಳು ಇದ್ದಲ್ಲಿ. ಇದು ಸಣ್ಣ ತೋಟ. ಹತ್ತಿಪ್ಪತ್ತು ಆಳು. ಆ ಮಾತು ಅಲ್ಲಿಗೇ ಬಿಟ್ಟೆ.

ಇನ್ನೊಂದು ವಿಷಯಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕೊಯ್ಲು ಇಲ್ಲದ ದಿನ ಕಳಿಸುತ್ತೇವಲ್ಲ, ವಾರಕ್ಕೆ ಎರಡು ಮೂರು ದಿನ ತಾನೇ ತಪ್ಪುವುದು ಅನ್ನುವುದು ಅವಳ ಲೆಕ್ಕ. ಐದನೇ ಕ್ಲಾಸಿನವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅದನ್ನು ಹೇಳಿ ಪ್ರಯೋಜನ ಇಲ್ಲ ಅಂತ ಹೋದವಾರವೇ ಗೊತ್ತಾಗಿತ್ತು. "ನೀವು ವಾರಕ್ಕೆರಡು ದಿನ ಕೊಯ್ಲಿಗೆ ಹೋಗ್ಲಿಲ್ಲ ಅಂದ್ಕೊಳ್ಳಿ. ಕೊಯ್ಲು ಮುಗಿಯೋ ಹೊತ್ತಿಗೆ ಎಷ್ಟು ಚೀಲ ಕಮ್ಮಿ?" ಅಂದೆ. ಬೆರಳು ಮಡಿಚಿದಳು. ನನಗಿಂತ ಬೇಗ ಉತ್ತರ ಹೇಳಿ ನಕ್ಕಳು. "ಇವಳದ್ದೂ ಅಷ್ಟು ಹೋಯ್ತಾ?" ಅಂದಳು. ಭಿನ್ನರಾಶಿ ಪೂರ್ತಿ ಹೋಗಿದೆ ಅಂದೆ. ಹುಡುಗಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

ಕೊನೆಗೆ ದಾರಿ ತೋರಿಸಿದ್ದು ಬಿಸಿಯೂಟದ ಅಕ್ಕನೇ. ಅವಳು ಹೇಗೂ ಅಡುಗೆಗೆ ಅಂತ ಬೇಗ ಬರುತ್ತಾಳೆ. ಲೈನಿನ ಮಕ್ಕಳನ್ನೆಲ್ಲ ಗುಂಪಾಗಿ ಕರೆದುಕೊಂಡು ಬರುತ್ತೇನೆ ಅಂದಳು. ಚಿಕ್ಕವಳೂ ಜೊತೆಗೆ. ನಮ್ಮ ಹೆಡ್‌ಮಾಸ್ಟರ್ ಹತ್ತಿರ ಹೇಳಿದೆ. ಎರಡು ವರ್ಷದ ಮಗುವನ್ನು ಶಾಲೆಯಲ್ಲಿ ಕೂರಿಸಲು ರೂಲ್ಸ್ ಇಲ್ಲ ಅಂದರು. ಆಮೇಲೆ ಕಿಟಕಿ ಕಡೆ ತಿರುಗಿ, "ನಾನು ನೋಡಿಲ್ಲ" ಅಂದರು.

ಚಿಕ್ಕವಳು ಸಣ್ಣ ಮಕ್ಕಳ ನಲಿಕಲಿ ಕ್ಲಾಸಿನ ಚಾಪೆಯಲ್ಲಿ ಕೂತಳು. ಕೂತಳು ಅನ್ನುವುದು ಸುಳ್ಳು. ಸೀಮೆಸುಣ್ಣ ತಿಂದಳು, ಕಾರ್ಡುಗಳನ್ನು ಹರಿದಳು, ಎರಡು ಸಲ ಚಾಪೆ ಒದ್ದೆ ಮಾಡಿದಳು. ನಮ್ಮ ಹುಡುಗಿ ಭಿನ್ನರಾಶಿ ಮಾಡುತ್ತಾ ನಡುವೆ ಎದ್ದು ಓಡುತ್ತಿದ್ದಳು. ಪಾಠ ಅರ್ಧಂಬರ್ಧ. ಆದರೂ ಬಂದಳು.

ಸುದ್ದಿ ಹಬ್ಬಿ ಇನ್ನೊಂದು ಮನೆಯವರೂ ಪುಟ್ಟ ಮಗುವನ್ನು ಕಳಿಸಿದರು. ಮೂರನೆಯವರು ಕೇಳಿದಾಗ ನಾನು ಆಗಲ್ಲ ಅಂದೆ. ನನ್ನಿಂದ ಆಗುತ್ತಿರಲಿಲ್ಲ. ಆ ಮನೆಯ ಹುಡುಗ ಕೊಯ್ಲು ಮುಗಿಯುವವರೆಗೂ ಸರಿಯಾಗಿ ಬರಲಿಲ್ಲ. ಅವನ ಸಾಲು ಈಗಲೂ ನನ್ನ ಕಣ್ಣಿಗೆ ಚುಚ್ಚುತ್ತದೆ.

ಹಾಗೆ ಗುಂಪಿನಲ್ಲಿ ಬರಲು ಶುರು ಮಾಡಿದ ಮೇಲೆ ಫೆಬ್ರವರಿಯಲ್ಲಿ ಹುಡುಗಿ ತಪ್ಪಿಸಿದ್ದು 3 ದಿನ. ಮೊದಲ ದಿನ ಬೆಳಿಗ್ಗೆ ನಾನಿನ್ನೂ ಬಸ್ಸಿನಲ್ಲಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹುಡುಗಿಯ ತಾಯಿ. ರೈಟರ್ ಫೋನಂತೆ, ಕೇಳಿ ತಗೊಂಡಿದ್ದಳು. ಹಿಂದೆ ಯಾರೋ ಹಾಜರಿ ಕೂಗುವುದು ಕೇಳಿಸುತ್ತಿತ್ತು.

"ಟೀಚರ್, ಕೆರೆ ಹತ್ರ ಆನೆ ಉಂಟು. ಇವತ್ತು ಕಳಿಸಲ್ಲ. ಬರ್ಕೊಳ್ಳಿ."